ಹಗುರ ವಾಲ್ವ್‌ಗೆ ದುಡ್ಡು ಹಾಕುವ ಮುಂಚೆ

ಟೈಟೇನಿಯಂ ರಿಟೇನರ್ (ವಾಲ್ವ್‌ನ ತುದಿಯಲ್ಲಿ ಸ್ಪ್ರಿಂಗ್ ಹಿಡಿದಿಡುವ ಪುಟ್ಟ ಬಿಲ್ಲೆ) ಒಂದನ್ನು ಅಂಗೈಯಲ್ಲಿ ಹಿಡಿದವರಿಗೆ ಅದನ್ನು ವಾಪಸ್ ಡಬ್ಬಿಗೆ ಹಾಕಲು ಮನಸ್ಸೇ ಬರುವುದಿಲ್ಲ. ನೋಡಲು ಚೆಂದ, ತೂಕವೇ ಇಲ್ಲ, ಹೆಸರಿನಲ್ಲೇ ಒಂದು ಗತ್ತು. ಪಕ್ಕದಲ್ಲಿ ಕಂಪನಿಯ ಸ್ಟೀಲ್ ರಿಟೇನರ್ ಇಟ್ಟರೆ ಅದು ಪಾಪ ಮಂಕಾಗಿ ಕಾಣುತ್ತದೆ. ಎಂಜಿನ್ ಒಳಗೆ ಮೇಲೆ ಕೆಳಗೆ ಓಡಾಡುವ ಭಾಗ ಹಗುರವಾದರೆ ಒಳ್ಳೆಯದೇ ಅಲ್ವಾ, ಇದರಲ್ಲಿ ಯೋಚನೆ ಮಾಡುವುದು ಏನಿದೆ ಅನ್ನಿಸುತ್ತದೆ. ಇದೆ, ಬೇಕಾದಷ್ಟಿದೆ.

ಗೆಳೆಯನೊಬ್ಬನದು ಬೆಂಗಳೂರಿನಲ್ಲಿ ಹೆಡ್ ಕೆಲಸದ ಸಣ್ಣ ವರ್ಕ್‌ಶಾಪ್. ಹೆಡ್ ಅಂದರೆ ಸಿಲಿಂಡರಿನ ಮೇಲೆ ಕೂತು ವಾಲ್ವ್‌ಗಳನ್ನು ಹೊತ್ತ ಭಾಗ. ಸೀಟ್ ಕಟಿಂಗ್, ಗೈಡ್ ಬದಲಾಯಿಸುವುದು, ಹೆಡ್ ಫೇಸಿಂಗ್, ಇಂಥದ್ದು. ಶನಿವಾರ ಸಂಜೆ ನಾನು ಅಲ್ಲಿ ಹೋಗಿ ಕೂರುತ್ತೇನೆ, ಕೆಲಸಕ್ಕಿಂತ ಮಾತು ಜಾಸ್ತಿ. ಅಲ್ಲಿಗೆ ಬರುವ ಹುಡುಗರು ಈಚೆಗೆ ಕೇಳುವ ಪ್ರಶ್ನೆ ಒಂದೇ. "ಅಣ್ಣ, ಲೈಟ್‌ವೆಯ್ಟ್ ವಾಲ್ವ್‌ಟ್ರೈನ್ ಹಾಕಿಸಿದ್ರೆ ಎಷ್ಟು ಪವರ್ ಜಾಸ್ತಿ ಆಗುತ್ತೆ?" ವಾಲ್ವ್‌ಟ್ರೈನ್ ಅಂದರೆ ವಾಲ್ವ್, ಅದರ ಸ್ಪ್ರಿಂಗ್, ರಿಟೇನರ್ ಎಲ್ಲ ಸೇರಿದ್ದು. ನೇರವಾದ ಉತ್ತರ ಸೊನ್ನೆ. ಬೇರೇನನ್ನೂ ಮುಟ್ಟದೆ ಅದೊಂದನ್ನೇ ಹಾಕಿಸಿದರೆ ಸೊನ್ನೆ. ಹಾಗಾದರೆ ರೇಸ್ ಎಂಜಿನ್ ಕಟ್ಟುವವರೆಲ್ಲ ಅದಕ್ಕೆ ಯಾಕೆ ಅಷ್ಟು ದುಡ್ಡು ಸುರಿಯುತ್ತಾರೆ ಅನ್ನುವುದು ಮುಂದಿನ ಪ್ರಶ್ನೆ, ನ್ಯಾಯವಾದ ಪ್ರಶ್ನೆ.

ವಾಲ್ವ್ ಅಂದರೆ ಎಂಜಿನ್‌ಗೆ ಗಾಳಿ ಒಳಬಿಡುವ, ಹೊಗೆ ಹೊರಬಿಡುವ ಬಾಗಿಲು. ಅದನ್ನು ತೆರೆಯುವುದು ಕ್ಯಾಮ್‌ನ (ಉಬ್ಬುಗಳಿರುವ, ತಿರುಗುವ ಶಾಫ್ಟ್) ಕೆಲಸ, ಮುಚ್ಚುವುದು ಸ್ಪ್ರಿಂಗ್‌ನ ಕೆಲಸ. ಕ್ಯಾಮ್ ತಳ್ಳುತ್ತದೆ, ಎಳೆಯುವುದಿಲ್ಲ. ಕ್ಯಾಮ್‌ನ ಉಬ್ಬು ದಾಟಿದ ಮೇಲೆ ವಾಲ್ವ್ ಅದರ ಮೈಗೆ ಅಂಟಿಕೊಂಡೇ ಕೆಳಗಿಳಿಯಬೇಕು ಅಂದರೆ ಸ್ಪ್ರಿಂಗ್‌ಗೆ ಅಷ್ಟು ತಾಕತ್ತು ಇರಬೇಕು. ರೋಡ್ ಹಂಪ್ ಮೇಲೆ ಸ್ಕೂಟರ್ ಓಡಿಸಿದವರಿಗೆ ಇದು ಗೊತ್ತು. ನಿಧಾನ ಹೋದರೆ ಚಕ್ರ ಹಂಪ್ ಹತ್ತಿ ಇಳಿಯುತ್ತದೆ, ಜೋರಾಗಿ ಹೋದರೆ ಹತ್ತಿದ್ದು ಗಾಳಿಯಲ್ಲೇ ಹಾರಿ ಮುಂದೆಲ್ಲೋ ಧಡ್ ಅಂತ ಬೀಳುತ್ತದೆ. ಎಂಜಿನ್‌ನಲ್ಲಿ ಹೀಗಾಗುವುದಕ್ಕೇ ವಾಲ್ವ್ ಫ್ಲೋಟ್ ಅನ್ನುವುದು. ವಾಲ್ವ್ ಕ್ಯಾಮ್‌ನ ಮಾತು ಕೇಳುವುದು ಬಿಟ್ಟು ತನ್ನ ಪಾಡಿಗೆ ಓಡಾಡುತ್ತದೆ, ಸೀಟಿನ ಮೇಲೆ ಬಡಿದು ಪುಟಿಯುತ್ತದೆ. ಪವರ್ ದಿಢೀರನೆ ಬೀಳುತ್ತದೆ. ಅದೃಷ್ಟ ಕೆಟ್ಟರೆ ಪಿಸ್ಟನ್‌ಗೇ ತಾಗುತ್ತದೆ.

ಎಷ್ಟು ವೇಗದ ಓಡಾಟ ಇದು ಅಂದರೆ, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್) 6000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 6000 ಸುತ್ತು, ತಿರುಗುವಾಗ ಕ್ಯಾಮ್ 3000ದಲ್ಲಿ ತಿರುಗುತ್ತದೆ. ಒಂದು ಸೆಕೆಂಡಿಗೆ 50 ಸಲ ವಾಲ್ವ್ ತೆರೆದು ಮುಚ್ಚಬೇಕು. ಮತ್ತೆ ಇಲ್ಲಿ ಕಷ್ಟ ಆರ್‌ಪಿಎಂ ಏರಿದಷ್ಟೇ ಏರುವುದಿಲ್ಲ, ಅದರ ವರ್ಗದಂತೆ ಏರುತ್ತದೆ. 6000ದಿಂದ 7000ಕ್ಕೆ ಹೋದರೆ ವೇಗ ಹೆಚ್ಚಿದ್ದು 17 ಪರ್ಸೆಂಟ್, ಸ್ಪ್ರಿಂಗ್ ತಡೆಯಬೇಕಾದ ಬಲ ಹೆಚ್ಚಿದ್ದು 36 ಪರ್ಸೆಂಟ್.

ಇಲ್ಲೇ ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ, ಯಾಕೆಂದರೆ ಈ ಲೆಕ್ಕ ಮಾಡದೆಯೇ ಎಲ್ಲರೂ ಆರ್ಡರ್ ಹಾಕುವುದು. ಸುಲಭವಾಗಲಿ ಅಂತ ಒಂದು ವಾಲ್ವ್ ಜೊತೆ ಓಡಾಡುವ ಒಟ್ಟು ತೂಕ 100 ಗ್ರಾಂ ಅಂದುಕೊಳ್ಳಿ. ವಾಲ್ವ್ 40 ಗ್ರಾಂ, ರಿಟೇನರ್ 10 ಗ್ರಾಂ, ಮಿಕ್ಕಿದ್ದು ಟ್ಯಾಪೆಟ್ (ಕ್ಯಾಮ್ ತಳ್ಳುವ ಬಟ್ಟಲು), ಲಾಕ್ (ರಿಟೇನರ್ ಅನ್ನು ವಾಲ್ವ್‌ಗೆ ಕಚ್ಚಿಸುವ ಚೂರು), ಮತ್ತು ಸ್ಪ್ರಿಂಗ್‌ನ ಮೂರನೇ ಒಂದು ಭಾಗ (ಸ್ಪ್ರಿಂಗ್‌ನ ಒಂದು ತುದಿ ಕೂತಲ್ಲೇ ಕೂತಿರುತ್ತದೆ, ಇನ್ನೊಂದು ತುದಿ ಮಾತ್ರ ಪೂರ್ತಿ ಓಡಾಡುತ್ತದೆ, ಅದಕ್ಕೇ ಮೂರನೇ ಒಂದು). ವಾಲ್ವ್ ಲಿಫ್ಟ್ (ವಾಲ್ವ್ ತೆರೆಯುವ ದೂರ) ಎಂಟೂವರೆ ಮಿಲಿಮೀಟರ್, ಸಾಧಾರಣ ರೋಡ್ ಕ್ಯಾಮ್, 6500 ಆರ್‌ಪಿಎಂ. ಆಗ ಆ ವಾಲ್ವ್ ಮೇಲೆ ಗುರುತ್ವದ 450 ಪಟ್ಟು ವೇಗೋತ್ಕರ್ಷ ಬರುತ್ತದೆ. ಅಂದರೆ 100 ಗ್ರಾಂ ಸಾಮಾನು 45 ಕೆಜಿಯಂತೆ ಆಡುತ್ತದೆ, ಸ್ಪ್ರಿಂಗ್ ಅದನ್ನು ಹಿಡಿದು ವಾಪಸ್ ತರಬೇಕು. ಈ ಸ್ಪ್ರಿಂಗ್‌ಗೆ 6500ರಲ್ಲಿ ದಮ್ಮು ಮುಗಿಯಿತು ಅಂತಿಟ್ಟುಕೊಳ್ಳಿ.

ಈಗ ಟೈಟೇನಿಯಂ ರಿಟೇನರ್ ಹಾಕಿಸಿದಿರಿ. ಟೈಟೇನಿಯಂ ಸ್ಟೀಲ್‌ಗಿಂತ ಸುಮಾರು 40 ಪರ್ಸೆಂಟ್ ಹಗುರ. 10 ಗ್ರಾಂ ಇದ್ದದ್ದು 6 ಆಯಿತು, 100 ಗ್ರಾಂ 96 ಆಯಿತು. ಅದೇ ಸ್ಪ್ರಿಂಗ್ ಈಗ ಎಲ್ಲಿಯವರೆಗೆ ತಡೆಯುತ್ತದೆ? ತೂಕ ಇಳಿದದ್ದರ ವರ್ಗಮೂಲದಷ್ಟು ಮಾತ್ರ ಆರ್‌ಪಿಎಂ ಏರುತ್ತದೆ. ಸಿಕ್ಕಿದ್ದು ಸುಮಾರು 130 ಆರ್‌ಪಿಎಂ. ಅಷ್ಟೇ. ಮೀಟರಿನ ಮುಳ್ಳು ಒಂದು ಗೀಟು ದಾಟುವುದಿಲ್ಲ. ವಾಲ್ವ್‌ಗಳನ್ನೂ ಟೈಟೇನಿಯಂ ಮಾಡಿದರೆ ಒಟ್ಟು 80 ಗ್ರಾಂಗೆ ಇಳಿಯುತ್ತದೆ, ಆಗ ಸಿಗುವುದು 770ರ ಹತ್ತಿರ. ಅದು ಪರವಾಗಿಲ್ಲ ಅನ್ನುವಂಥ ಅಂಕಿ. ಆದರೆ ಏನನ್ನೂ ಹಗುರ ಮಾಡದೆ, ಮೂರನೇ ಒಂದರಷ್ಟು ಹೆಚ್ಚು ಗಟ್ಟಿಯಾದ ಸ್ಪ್ರಿಂಗ್ ಹಾಕಿಬಿಟ್ಟರೆ 1000 ಆರ್‌ಪಿಎಂ ಸಿಗುತ್ತದೆ, ಅದೂ ಟೈಟೇನಿಯಂನ ಖರ್ಚಿನ ಒಂದು ಚೂರಿನಲ್ಲಿ.

ಸರಿ, ಆರ್‌ಪಿಎಂ ಸಿಕ್ಕಿತು. ಅದನ್ನು ಇಟ್ಟುಕೊಂಡು ಏನು ಮಾಡುತ್ತೀರಿ?

ಇದಕ್ಕೆ ಉತ್ತರ ನಿಮ್ಮ ಕಾರಿನ ಬ್ರೋಷರ್‌ನಲ್ಲೇ ಇದೆ. 2010ರಲ್ಲಿ ಸ್ವಿಫ್ಟ್‌ಗೆ ಬಂದ 1.2 ಕೆ-ಸೀರೀಸ್ ಎಂಜಿನ್ ತೆಗೆದುಕೊಳ್ಳಿ, ನಮ್ಮ ರಸ್ತೆಗಳಲ್ಲಿ ಇದನ್ನು ನೋಡದವರಿಲ್ಲ. ಕಂಪನಿ ಕೊಟ್ಟ ಅಂಕಿ 4500 ಆರ್‌ಪಿಎಂನಲ್ಲಿ 113 ಎನ್‌ಎಂ ಟಾರ್ಕ್, 6000ದಲ್ಲಿ 85 ಪಿಎಸ್ ಪವರ್. ಪವರ್ ಅಂದರೆ ಟಾರ್ಕ್ ಗುಣಿಸು ಆರ್‌ಪಿಎಂ, ಬೇರೇನಲ್ಲ. ಹಿಂದಕ್ಕೆ ಲೆಕ್ಕ ಹಾಕಿದರೆ 6000ದಲ್ಲಿ ಟಾರ್ಕ್ 99 ಎನ್‌ಎಂ ಚಿಲ್ಲರೆ. ಅಂದರೆ 4500ರಿಂದ 6000ಕ್ಕೆ ಬರುವಷ್ಟರಲ್ಲಿ ಎಂಜಿನ್ ಆಗಲೇ ಏದುಸಿರು ಬಿಡುತ್ತಿದೆ. ಇದೇ ಎಂಜಿನ್ 7000ದಲ್ಲಿ ಬರೀ ಅದೇ 85 ಪಿಎಸ್ ಕೊಡಬೇಕಾದರೂ 85 ಎನ್‌ಎಂ ಟಾರ್ಕ್ ಬೇಕು. ಅದಕ್ಕಿಂತ ಕಮ್ಮಿ ಆದರೆ ನೀವು ಅಷ್ಟು ಕಿರುಚಿಸಿ ಪಡೆದದ್ದು ಕಮ್ಮಿ ಪವರ್. ಪೀಕ್ ದಾಟಿದ ಮೇಲೆ ಟಾರ್ಕ್ ಇನ್ನೂ ಬೇಗ ಬೀಳುತ್ತದೆ, ಯಾಕೆಂದರೆ ಕ್ಯಾಮ್, ಇನ್‌ಟೇಕ್ ಮ್ಯಾನಿಫೋಲ್ಡ್, ಪೋರ್ಟ್ (ಹೆಡ್‌ನೊಳಗೆ ಗಾಳಿ ಹೋಗುವ ದಾರಿ) ಎಲ್ಲವನ್ನೂ ಸಿಟಿ ಓಡಾಟಕ್ಕೆ, ಮೈಲೇಜ್‌ಗೆ ಅಂತ ಹೊಂದಿಸಿರುತ್ತಾರೆ. ಅಲ್ಲಿ ಎಂಜಿನ್‌ಗೆ ಸಿಗದೇ ಇರುವುದು ಗಾಳಿ. ವಾಲ್ವ್‌ನ ತೂಕ ಇಳಿಸಿದರೆ ಗಾಳಿ ಬರುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ಇಡೀ ವಿಷಯ ಇಷ್ಟರಲ್ಲೇ ಇದೆ. ಹಗುರ ವಾಲ್ವ್‌ಟ್ರೈನ್ ಕೊಡುವುದು ಆರ್‌ಪಿಎಂ ಒಂದನ್ನೇ. ಆ ಆರ್‌ಪಿಎಂನಲ್ಲಿ ಉಸಿರಾಡುವ ಎಂಜಿನ್ ನಿಮ್ಮದಾಗಿದ್ದರೆ ಅದಕ್ಕೆ ಬೆಲೆ, ಇಲ್ಲದಿದ್ದರೆ ಇಲ್ಲ.

ಒಂದು ಮಾತು ಮಾತ್ರ ಇದಕ್ಕೆ ಸೇರಿಸಬೇಕು. ಪೀಕ್ ಪವರ್ ಬರುವ ಆರ್‌ಪಿಎಂನಲ್ಲೇ ಗೇರ್ ಬದಲಾಯಿಸುವುದು ಸರಿಯಲ್ಲ, ಅದನ್ನು ಸ್ವಲ್ಪ ದಾಟಿ ಬದಲಾಯಿಸಿದರೆ ಮುಂದಿನ ಗೇರ್‌ನಲ್ಲಿ ಎಂಜಿನ್ ಇನ್ನೂ ಮೇಲಿನ ಆರ್‌ಪಿಎಂನಲ್ಲಿ ಬಂದು ನಿಲ್ಲುತ್ತದೆ, ಒಟ್ಟಾರೆ ಕಾರು ಬೇಗ ಹೋಗುತ್ತದೆ. ಹಾಗಾಗಿ ಪೀಕ್ ಏರದಿದ್ದರೂ ಅದರಾಚೆ ಒಂದು ಮುನ್ನೂರು ನಾನೂರು ಆರ್‌ಪಿಎಂ ಜಾಗ ಸಿಕ್ಕರೆ ಟ್ರ್ಯಾಕ್‌ನಲ್ಲಿ ಉಪಯೋಗವಿದೆ. ಟ್ರ್ಯಾಕ್‌ನಲ್ಲಿ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಅಲ್ಲ. ಚಾರ್ಮಾಡಿ ಘಾಟಿ ಹತ್ತುವಾಗಲೂ ಅಲ್ಲ, ಅಲ್ಲಿ ಬೇಕಾಗುವುದು ಮೂರು ನಾಲ್ಕು ಸಾವಿರದ ಮಧ್ಯದ ಟಾರ್ಕ್.

"ಇಲ್ಲ ಅಣ್ಣ, ಪವರ್ ಬರದಿದ್ರೂ ಎಂಜಿನ್ ಬೇಗ ರೆವ್ ಆಗುತ್ತಂತೆ" ಅನ್ನುವುದು ಮುಂದಿನ ವಾದ. ಇದು ಫ್ಲೈವೀಲ್‌ನ (ಕ್ರ್ಯಾಂಕ್‌ನ ತುದಿಯ ಭಾರದ ಚಕ್ರ) ಕಥೆಯನ್ನು ವಾಲ್ವ್‌ಗೆ ಅಂಟಿಸಿದ್ದು. ಹಗುರ ಫ್ಲೈವೀಲ್ ಹಾಕಿದರೆ ಎಂಜಿನ್ ಚುರುಕಾಗುವುದು ನಿಜ, ಅಲ್ಲಿ ಕೆಜಿಗಟ್ಟಲೆ ತೂಕ ಕ್ರ್ಯಾಂಕ್‌ನಷ್ಟೇ ವೇಗದಲ್ಲಿ ತಿರುಗುತ್ತಿರುತ್ತದೆ. ವಾಲ್ವ್‌ಗಳ ವಿಷಯದಲ್ಲಿ ಇಳಿಯುವುದು ಗ್ರಾಂ ಲೆಕ್ಕ. ಜೊತೆಗೆ ವಾಲ್ವ್ ತೆರೆಯುವಾಗ ಸ್ಪ್ರಿಂಗ್ ನುಂಗಿದ ಶಕ್ತಿಯ ಬಹುಪಾಲನ್ನು ಮುಚ್ಚುವಾಗ ಕ್ಯಾಮ್‌ಗೇ ವಾಪಸ್ ಕೊಡುತ್ತದೆ. ಆಕ್ಸಿಲರೇಟರ್ ಒತ್ತುವ ಕಾಲಿಗೆ ಅದು ಗೊತ್ತಾಗುತ್ತದೆ ಅನ್ನುವುದನ್ನು ನಾನು ನಂಬುವುದಿಲ್ಲ.

ಸವೆತ ಕಮ್ಮಿ ಆಗುತ್ತದೆ ಅನ್ನುವುದು ಇನ್ನೊಂದು. ಇದು ಅರ್ಧ ನಿಜ, ಮತ್ತು ಆ ಇನ್ನರ್ಧ ನನಗೆ ಬಹಳ ಇಷ್ಟ. ವಾಲ್ವ್ ಪೂರ್ತಿ ತೆರೆದಿರುವಾಗ, ಅಂದರೆ ಕ್ಯಾಮ್‌ನ ಮೂಗಿನ ತುದಿ ಟ್ಯಾಪೆಟ್ ಮೇಲೆ ಕೂತಾಗ, ಸ್ಪ್ರಿಂಗ್ ಒತ್ತುವುದು ಕ್ಯಾಮ್ ಕಡೆಗೆ, ವಾಲ್ವ್‌ನ ಜಡತ್ವ ಎಳೆಯುವುದು ಕ್ಯಾಮ್‌ನಿಂದ ದೂರಕ್ಕೆ. ಎರಡರ ವ್ಯತ್ಯಾಸವೇ ಕ್ಯಾಮ್ ಮೇಲೆ ಬೀಳುವ ಒತ್ತಡ. ಸ್ಪ್ರಿಂಗ್ ಹಾಗೇ ಬಿಟ್ಟು ವಾಲ್ವ್ ಮಾತ್ರ ಹಗುರ ಮಾಡಿದರೆ ಕಳೆಯುವ ಭಾಗ ಚಿಕ್ಕದಾಗುತ್ತದೆ, ಕ್ಯಾಮ್‌ನ ತುದಿಯ ಮೇಲೆ ಒತ್ತಡ ಕಮ್ಮಿ ಆಗುವ ಬದಲು ಜಾಸ್ತಿಯೇ ಆಗುತ್ತದೆ! ಕ್ಯಾಮ್‌ನ ಪಕ್ಕೆಗಳಲ್ಲಿ, ವಾಲ್ವ್ ವೇಗ ಹಿಡಿಯುವ ಜಾಗದಲ್ಲಿ, ಒತ್ತಡ ಇಳಿಯುವುದು ಹೌದು. ನಿಜವಾಗಿ ಸವೆತ, ಘರ್ಷಣೆ ಇಳಿಯಬೇಕಾದರೆ ತೂಕ ಇಳಿಸಿದ ಮೇಲೆ ಸ್ಪ್ರಿಂಗ್ ಕೂಡ ಮೆತ್ತಗೆ ಮಾಡಬೇಕು. ಕಂಪನಿಗಳು ಮಾಡುವುದು ಅದನ್ನೇ. ಈಗಿನ ಕಾರುಗಳಲ್ಲಿ ಸಣ್ಣ ಕಾಂಡದ ವಾಲ್ವ್, ಮೆತ್ತನೆ ಸ್ಪ್ರಿಂಗ್, ಎಷ್ಟೋ ಎಂಜಿನ್‌ಗಳಲ್ಲಿ ರೋಲರ್ ಇರುವ ರಾಕರ್ (ಕ್ಯಾಮ್‌ನ ತಳ್ಳುವಿಕೆಯನ್ನು ವಾಲ್ವ್‌ಗೆ ದಾಟಿಸುವ ಸನ್ನೆ) ಎಲ್ಲ ಬರುವುದು ಮೈಲೇಜ್‌ಗಾಗಿ, ರೇಸ್‌ಗಾಗಿ ಅಲ್ಲ. ಆದರೆ ಹಗುರ ರಿಟೇನರ್ ಮಾರುವವರು ಅದರ ಜೊತೆಗೆ ಕಟ್ಟಿ ಕೊಡುವುದು ಗಟ್ಟಿ ಸ್ಪ್ರಿಂಗ್. ಅಲ್ಲಿಗೆ ಸವೆತದ ವಾದ ಮುಗಿಯಿತು.

ದೊಡ್ಡ ಕಂಪನಿಗಳು ಏನು ಮಾಡಿವೆ ನೋಡಿ. 1999ರಲ್ಲಿ ಬಂದ ಹೊಂಡಾ ಎಸ್2000 ಕಾರಿನ 2 ಲೀಟರ್ ಎಂಜಿನ್ 9000 ಆರ್‌ಪಿಎಂವರೆಗೆ ಹೋಗುತ್ತಿತ್ತು, ಸ್ಟೀಲ್ ವಾಲ್ವ್ ಇಟ್ಟುಕೊಂಡೇ. ಷೆವರ್ಲೆ ಕಾರ್ವೆಟ್‌ನ 2006ರ ಎಲ್‌ಎಸ್7 ಎಂಜಿನ್ 7 ಲೀಟರ್, ಅದರ ಮಿತಿ 7000, ಅಷ್ಟಕ್ಕೇ ಅದಕ್ಕೆ ಟೈಟೇನಿಯಂ ಇನ್‌ಟೇಕ್ ವಾಲ್ವ್ ಬೇಕಾಯಿತು. ಅಮೆರಿಕದವರಿಗೆ ಬರುವುದಿಲ್ಲ ಅಂತ ಅಲ್ಲ. ಹೊಂಡಾದ್ದು ಸಿಲಿಂಡರಿಗೆ ನಾಲ್ಕು ಪುಟ್ಟ ವಾಲ್ವ್, ಮೇಲೆಯೇ ಎರಡು ಕ್ಯಾಮ್. ಎಲ್‌ಎಸ್7ದು ಸಿಲಿಂಡರಿಗೆ ಎರಡೇ, ಅದರಲ್ಲಿ ಇನ್‌ಟೇಕ್ ವಾಲ್ವ್‌ನ ಅಗಲ 56 ಮಿಲಿಮೀಟರ್, ಜೊತೆಗೆ ಪುಶ್‌ರಾಡ್ (ಕೆಳಗಿರುವ ಕ್ಯಾಮ್‌ನಿಂದ ರಾಕರ್‌ವರೆಗಿನ ಕಡ್ಡಿ), ರಾಕರ್ ಎಲ್ಲ ಎಳೆದುಕೊಂಡು ಹೋಗಬೇಕು. ಅಷ್ಟು ದೊಡ್ಡ ತಟ್ಟೆಯನ್ನು ಸ್ಟೀಲ್‌ನಲ್ಲಿ ಮಾಡಿ ಕುಣಿಸುವುದು ಕಷ್ಟ. ಅಂದರೆ ಒಂದು ದೊಡ್ಡ ವಾಲ್ವ್ ತೆಗೆದು ಎರಡು ಚಿಕ್ಕದು ಹಾಕಿದ್ದೇ ಕಾರು ಎಂಜಿನ್‌ಗಳ ಚರಿತ್ರೆಯಲ್ಲಿ ದೊಡ್ಡ ಲೈಟ್‌ವೆಯ್ಟ್ ಅಪ್‌ಗ್ರೇಡ್. ನಿಮ್ಮದು 16 ವಾಲ್ವ್ ಎಂಜಿನ್ ಆದರೆ ಅದು ನಿಮಗೆ ಶೋರೂಮಿನಲ್ಲೇ ಬಂದಾಗಿದೆ.

(ಟೊಯೊಟಾ 1998ರಲ್ಲಿ ಆಲ್ಟೆಝಾ ಕಾರಿಗೆ ಟೈಟೇನಿಯಂ ವಾಲ್ವ್ ಹಾಕಿ ಮಾರಿತ್ತು. ಫಾರ್ಮುಲಾ ಒನ್‌ನಲ್ಲಂತೂ 1986ರಲ್ಲಿ ರೆನೊ ಸ್ಟೀಲ್ ಸ್ಪ್ರಿಂಗ್ ಸಹವಾಸವೇ ಬೇಡ ಅಂತ ಒತ್ತಿದ ಗಾಳಿಯಿಂದ ವಾಲ್ವ್ ಮುಚ್ಚಿಸಲು ಶುರು ಮಾಡಿತು, ಇಪ್ಪತ್ತು ವರ್ಷದಲ್ಲಿ ಆ ಎಂಜಿನ್‌ಗಳು 20,000 ಆರ್‌ಪಿಎಂ ಮುಟ್ಟಿದವು. ಅದು ಬೇರೆ ಲೋಕ.)

ಸ್ಪ್ರಿಂಗ್ ಸಹವಾಸ ಅಂದೆನಲ್ಲ, ಅದಕ್ಕೂ ಕಾರಣವಿದೆ. ಸ್ಪ್ರಿಂಗ್‌ಗೆ ತನ್ನದೇ ತೂಕ, ತನ್ನದೇ ಕಂಪನ ಇರುತ್ತದೆ. ಒಂದು ಆರ್‌ಪಿಎಂನಲ್ಲಿ ಕ್ಯಾಮ್‌ನ ಹೊಡೆತ ಅದರ ಕಂಪನಕ್ಕೆ ತಾಳ ಸೇರಿತು ಅಂದರೆ ಸುರುಳಿಗಳು ಒಳಗೊಳಗೇ ಅಲೆಯಂತೆ ಕುಣಿಯಲು ಶುರುವಾಗುತ್ತವೆ, ಆಗ ಸ್ಪ್ರಿಂಗ್‌ನ ಬಲ ಕಾಗದದ ಮೇಲಿದ್ದಷ್ಟು ಸಿಗುವುದಿಲ್ಲ. ಇದಕ್ಕೇ ಬೀಹೈವ್ ಸ್ಪ್ರಿಂಗ್ ಬಂದದ್ದು, ಮೇಲೆ ಕಿರಿದಾಗುತ್ತಾ ಹೋಗುವಂಥದ್ದು. ಸುರುಳಿಗಳು ಒಂದೇ ಅಳತೆಯವಲ್ಲವಾದ್ದರಿಂದ ಎಲ್ಲವೂ ಒಟ್ಟಿಗೆ ಕುಣಿಯುವುದಿಲ್ಲ. ಮೇಲ್ತುದಿ ಚಿಕ್ಕದಾದ್ದರಿಂದ ಓಡಾಡುವ ತೂಕ ಇಳಿಯುತ್ತದೆ, ರಿಟೇನರ್ ಕೂಡ ಚಿಕ್ಕದು ಸಾಕು, ಸಾದಾ ಸ್ಟೀಲ್‌ನದೇ ಆದರೂ ಹಗುರ. ದುಡ್ಡು ಹಾಕಲೇಬೇಕು ಅಂದರೆ ನಾನು ಮೊದಲು ಇಲ್ಲಿ ಹಾಕುತ್ತೇನೆ. ಎರಡನೆಯದು ಸಣ್ಣ ಕಾಂಡದ ಸ್ಟೀಲ್ ವಾಲ್ವ್. 6 ಮಿಲಿಮೀಟರ್ ಕಾಂಡವನ್ನು 5 ಮಾಡಿದರೆ ಕಾಂಡದ ತೂಕ 30 ಪರ್ಸೆಂಟ್ ಇಳಿಯುತ್ತದೆ, ಪೋರ್ಟ್‌ನಲ್ಲಿ ಗಾಳಿಗೆ ಅಡ್ಡಿಯೂ ಕಮ್ಮಿ. ಗೈಡ್, ಸೀಲ್, ಲಾಕ್ ಬದಲಾಗಬೇಕು, ಆದರೆ ಹೇಗೂ ಗೈಡ್ ಹಾಕಿಸುತ್ತಿದ್ದರೆ ಅದೇನು ದೊಡ್ಡ ವಿಷಯವಲ್ಲ.

ಟೈಟೇನಿಯಂ ವಾಲ್ವ್ ರೋಡ್ ಕಾರಿಗೆ ಬೇಡ ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ. ಟೈಟೇನಿಯಂಗೆ ಉಜ್ಜಾಟ ಆಗಿಬರುವುದಿಲ್ಲ, ಇನ್ನೊಂದು ಲೋಹದ ಮೇಲೆ ಜಾರುವಾಗ ಕಚ್ಚಿಕೊಳ್ಳುತ್ತದೆ. ಅದಕ್ಕೆ ಕಾಂಡದ ಮೇಲೆ ಕೋಟಿಂಗ್ ಬೇಕು, ತುದಿಗೆ ಗಟ್ಟಿ ಟೋಪಿ ಬೇಕು, ಸೀಟ್ ಕೂಡ ಅದಕ್ಕೆ ಹೊಂದುವ ತಾಮ್ರದ ಮಿಶ್ರಲೋಹದ್ದು ಬೇಕು. ಕೋಟಿಂಗ್ ಹೋಯಿತು ಅಂದರೆ ವಾಲ್ವ್ ಹೋಯಿತು. ಸಾದಾ ವಾಲ್ವ್‌ನಂತೆ ಪೇಸ್ಟ್ ಹಚ್ಚಿ ಲ್ಯಾಪಿಂಗ್ ಮಾಡಿಸಲು ಹೋಗುವಂತಿಲ್ಲ, ಕೋಟಿಂಗ್ ಇರುವ ಮುಖವೇ ಸವೆದು ಹೋಗುತ್ತದೆ. ಜೆ.ಸಿ. ರೋಡ್‌ನಲ್ಲಿ ಮಧ್ಯಾಹ್ನ ಹೋಗಿ ಸಂಜೆ ತರುವ ಸಾಮಾನಲ್ಲ ಇದು. ರಿಟೇನರ್‌ದೂ ಸ್ವಲ್ಪ ಅದೇ ಕಥೆ, ಸ್ಪ್ರಿಂಗ್ ಕೂರುವ ಜಾಗ ಸವೆಯುತ್ತದೆ, ಆಗಾಗ ಬಿಚ್ಚಿ ನೋಡುವ ಅಭ್ಯಾಸ ಇರುವವರಿಗೆ ಮಾತ್ರ ಸರಿ. ಆಯಿಲ್ ಬದಲಾಯಿಸಲೂ ಸರ್ವಿಸ್ ಸೆಂಟರಿನ ಮೆಸೇಜ್ ಕಾಯುವವರಿಗೆ ಅಲ್ಲ.

ಹಳೇ ಪುಶ್‌ರಾಡ್ ಎಂಜಿನ್ ಇಟ್ಟುಕೊಂಡವರಿಗೆ ಒಂದು ಮಾತು. ಪದ್ಮಿನಿ, ಹಳೇ ಅಂಬಾಸಿಡರ್ ಅಭಿಮಾನಿಗಳು ಪುಶ್‌ರಾಡ್ ಹಗುರ ಮಾಡಿಸಬೇಕು ಅಂತ ಲೇತ್ ಅಂಗಡಿ ಹುಡುಕುತ್ತಾರೆ. ಬೇಡ. ರಾಕರ್‌ನ ಅನುಪಾತದಿಂದಾಗಿ ಕ್ಯಾಮ್ ಕಡೆಯ ಸಾಮಾನು ಕಮ್ಮಿ ದೂರ ಓಡಾಡುತ್ತದೆ. ಅನುಪಾತ 1.5 ಇದ್ದರೆ ಅಲ್ಲಿನ 10 ಗ್ರಾಂ, ವಾಲ್ವ್ ಕಡೆಯ ನಾಲ್ಕೂವರೆ ಗ್ರಾಂಗೆ ಸಮ. ಅಲ್ಲಿ ತೂಕಕ್ಕಿಂತ ಗಟ್ಟಿತನ ಮುಖ್ಯ. ಸಣ್ಣ ಪುಶ್‌ರಾಡ್ ಬಾಗಿ ಚಿಮ್ಮಿದರೆ ವಾಲ್ವ್ ಎಲ್ಲಿಗೆ ಹೋಗುತ್ತದೆ ಅಂತ ಹೇಳುವವರಿಲ್ಲ. ಸ್ವಲ್ಪ ಭಾರವಾದರೂ ದಪ್ಪನೆಯ ಪುಶ್‌ರಾಡ್ ಹಾಕಿ ಜಾಸ್ತಿ ಆರ್‌ಪಿಎಂ ಪಡೆದವರು ಅಮೆರಿಕದ ರೇಸ್ ಎಂಜಿನ್‌ಗಳಲ್ಲಿ ಬೇಕಾದಷ್ಟು ಜನ.

ಹಾಗಾದರೆ ಯಾರಿಗೆ ಹೌದು ಅನ್ನುತ್ತೇನೆ? ಮೊನ್ನೆ ಒಬ್ಬ ಹುಡುಗ ಬಂದಿದ್ದ, ಹಳೇ ಮಾರುತಿ ಎಸ್ಟೀಮ್ ಇಟ್ಟುಕೊಂಡು ಆಟೋಕ್ರಾಸ್ ರೇಸ್ ಓಡಿಸುವವನು. 1.3 ಲೀಟರ್, 16 ವಾಲ್ವ್, ಒಂದೇ ಕ್ಯಾಮ್, ರಾಕರ್ ಎಂಜಿನ್. ಗೆಳೆಯ ಅವನನ್ನು ನೋಡಿದ ಕೂಡಲೇ "ಏನಪ್ಪಾ, ನಿಂಗೂ ಟೈಟೇನಿಯಂ ಬೇಕಾ?" ಅಂತ ನಕ್ಕ. ಆದರೆ ಇವನು ಬೇರೆ ಥರದವನು. ಕ್ಯಾಮ್ ಆಗಲೇ ಬದಲಾಗಿತ್ತು, ಲಿಫ್ಟ್ ಜಾಸ್ತಿ, ಹೆಡ್ ಪೋರ್ಟ್ ಆಗಿತ್ತು, ಡೈನೋ ಶೀಟ್ (ಯಾವ ಆರ್‌ಪಿಎಂನಲ್ಲಿ ಎಷ್ಟು ಪವರ್ ಅಂತ ಅಳೆದ ಗ್ರಾಫ್) ಕೈಯಲ್ಲಿತ್ತು. ಆ ಶೀಟಿನಲ್ಲಿ ಪವರ್ ಗೆರೆ ಏರುತ್ತಲೇ ಹೋಗಿ, ಮೇಲೆ ಎಲ್ಲೋ ಒಂದು ಕಡೆ ಹಲ್ಲುಹಲ್ಲಾಗಿ ಕತ್ತರಿಸಿದಂತೆ ಬಿದ್ದಿತ್ತು. ಗಾಳಿ ಸಾಲದ ಎಂಜಿನ್‌ನ ಗೆರೆ ಹಾಗೆ ಬೀಳುವುದಿಲ್ಲ, ಅದು ಗುಡ್ಡ ಇಳಿದಂತೆ ನಿಧಾನ ಬಾಗುತ್ತದೆ. ಇಗ್ನಿಷನ್ ತಪ್ಪುತ್ತಿಲ್ಲ, ಪೆಟ್ರೋಲ್ ಪ್ರೆಷರ್ ಬೀಳುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆ ಉಳಿದದ್ದು ವಾಲ್ವ್ ಫ್ಲೋಟ್ ಒಂದೇ. ಅವನ ಎಂಜಿನ್‌ಗೆ ಮೇಲೆ ಪವರ್ ಇದೆ, ಸ್ಪ್ರಿಂಗ್ ಕೊಡಲು ಬಿಡುತ್ತಿಲ್ಲ. ಇಂಥವನಿಗೆ ಗ್ರಾಂ ಗ್ರಾಂಗೂ ಬೆಲೆ ಇದೆ.

ಅವನಿಗೆ ಇನ್ನೊಂದು ಕಾರಣವೂ ಇತ್ತು, ನನಗೆ ಅದು ಪವರ್‌ಗಿಂತ ಒಳ್ಳೆಯ ಕಾರಣ ಅನ್ನಿಸಿತು. ಗಡಿಬಿಡಿಯಲ್ಲಿ ಮೂರರಿಂದ ನಾಲ್ಕಕ್ಕೆ ಹಾಕುವ ಬದಲು ಗೇರ್ ಎರಡಕ್ಕೆ ಬೀಳುವುದು ಉಂಟು. ಆಗ ಚಕ್ರಗಳೇ ಎಂಜಿನ್ ಅನ್ನು ತಿರುಗಿಸುತ್ತವೆ, ರೆವ್ ಲಿಮಿಟರ್ ಪೆಟ್ರೋಲ್ ನಿಲ್ಲಿಸಬಹುದು, ಕ್ರ್ಯಾಂಕ್ ನಿಲ್ಲಿಸಲು ಅದರಿಂದ ಆಗುವುದಿಲ್ಲ. ಹಗುರ ಭಾಗ, ಒಳ್ಳೆ ಸ್ಪ್ರಿಂಗ್ ಇದ್ದರೆ ಆ ಒಂದೆರಡು ಸೆಕೆಂಡು ವಾಲ್ವ್ ಪಿಸ್ಟನ್‌ನಿಂದ ದೂರ ಉಳಿಯುವ ಸಾಧ್ಯತೆ ಜಾಸ್ತಿ. ಎಷ್ಟು ದೊಡ್ಡ ತಪ್ಪು ಗೇರ್ ಅನ್ನುವುದರ ಮೇಲೆ ಅದು ನಿಂತಿದೆ, ಎಲ್ಲವನ್ನೂ ಉಳಿಸುವುದಿಲ್ಲ.

ಅವನಿಗೆ ಟೈಟೇನಿಯಂ ಬೇಕಾಗಲಿಲ್ಲ. ಗೆಳೆಯ ಮೊದಲು ಮಾಡಿದ್ದು ಇರುವ ಸ್ಪ್ರಿಂಗ್‌ಗಳನ್ನೆಲ್ಲ ಒಂದೊಂದಾಗಿ ಟೆಸ್ಟರ್‌ನಲ್ಲಿ ಒತ್ತಿ ನೋಡಿದ್ದು. ವಯಸ್ಸಾದ ಸ್ಪ್ರಿಂಗ್ ಸೋತಿರುತ್ತದೆ, ಎಷ್ಟೋ ಸಲ ಹೊಸ ಕಂಪನಿ ಸ್ಪ್ರಿಂಗ್ ಹಾಕಿದರೇ ಅರ್ಧ ಸಮಸ್ಯೆ ಹೋಗುತ್ತದೆ. ಆಮೇಲೆ ಒಂದು ಸೆಟ್ ವಾಲ್ವ್, ರಿಟೇನರ್, ಲಾಕ್, ರಾಕರ್ ಎಲ್ಲವನ್ನೂ ಚಿನ್ನದಂಗಡಿಯವರು ಇಟ್ಟುಕೊಳ್ಳುವಂಥ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದುಕೊಂಡ. ರಾಕರ್ ಅನ್ನು ಹಾಗೇ ತೂಗಿದರೆ ಪ್ರಯೋಜನವಿಲ್ಲ, ಶಾಫ್ಟ್ ಹತ್ತಿರದ ತೂಕ ಲೆಕ್ಕಕ್ಕೆ ಬರುವುದಿಲ್ಲ, ವಾಲ್ವ್ ತಳ್ಳುವ ತುದಿಯ ತೂಕವೇ ಎಲ್ಲ. ಆ ಲೆಕ್ಕ ಮುಗಿದ ಮೇಲೆ ಬೀಹೈವ್ ಸ್ಪ್ರಿಂಗ್, ಅದಕ್ಕೆ ಸರಿಯಾದ ಚಿಕ್ಕ ಸ್ಟೀಲ್ ರಿಟೇನರ್, ಅಷ್ಟೇ ಸಾಕು ಅಂತಾಯಿತು. ವಾಲ್ವ್ ಕಂಪನಿಯದ್ದೇ ಇರಲಿ ಅಂದ. ಹುಡುಗನ ಮುಖ ಸ್ವಲ್ಪ ಸಪ್ಪಗಾಯಿತು, ಟೈಟೇನಿಯಂ ಅಂತ ಹೇಳಿಕೊಳ್ಳುವ ಆಸೆ ಅವನಿಗೂ ಇತ್ತು ಅನ್ನಿಸುತ್ತದೆ.

ಈಗ ಹೆಡ್ ಬೆಂಚಿನ ಮೇಲಿದೆ. ಪೂರ್ತಿ ಲಿಫ್ಟ್‌ನಲ್ಲಿ ಸುರುಳಿಗಳು ಒಂದಕ್ಕೊಂದು ತಾಗುತ್ತವೆಯೇ, ರಿಟೇನರ್‌ನ ಅಡಿ ಆಯಿಲ್ ಸೀಲ್‌ಗೆ ಬಡಿಯುತ್ತದೆಯೇ ಅಂತ ನೋಡಿಯಾಗಿದೆ, ಎರಡಕ್ಕೂ ಜಾಗ ಇದೆ. ಮಿಕ್ಕಿರುವುದು ಪಿಸ್ಟನ್ ಮೇಲೆ ಮಕ್ಕಳ ಕ್ಲೇ ಇಟ್ಟು, ಹೆಡ್ ಕೂರಿಸಿ, ಎಂಜಿನ್ ಅನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ, ವಾಲ್ವ್ ಒತ್ತಿದ ಗುರುತಿನ ಅಡಿ ಎಷ್ಟು ಕ್ಲೇ ಉಳಿದಿದೆ ಅಂತ ಅಳೆಯುವುದು. ಅದು ಕಮ್ಮಿ ಬಂದರೆ ಸ್ಪ್ರಿಂಗ್, ರಿಟೇನರ್ ಮಾತೆಲ್ಲ ಪಕ್ಕಕ್ಕಿಟ್ಟು ಮೊದಲು ಪಿಸ್ಟನ್‌ನ ತಲೆಯಲ್ಲಿ ಗುಂಡಿ ತೆಗೆಸಬೇಕು.